ಉಮರಗಾದ ತುಂಡು

ಫೋನು ಇಟ್ಟ ಮೇಲೂ ಸಂಗಮೇಶ್ವರನ ಬಲಗೈ ತೊಡೆಯ ಮೇಲೆ ಏನನ್ನೋ ತಡಕುತ್ತಲೇ ಇತ್ತು. ಪೆನ್ಸಿಲ್ಲು ಹುಡುಕುತ್ತಿದೆ ಅಂತ ಹೊಳೆದು ಅವನಿಗೆ ನಾಚಿಕೆಯಾಯಿತು. ವಾಯುಸೇನೆಯಿಂದ ರಜೆಯ ಮೇಲೆ ಮನೆಗೆ ಬಂದವನಿಗೆ ಬೆಳಬೆಳಗ್ಗೆ ಪೆನ್ಸಿಲ್ಲು ಯಾತಕ್ಕೆ? ಇಷ್ಟಕ್ಕೂ ವಿಮಾನದಲ್ಲೇ ಈಗ ಅದು ಬೇಡವಾಗಿದೆ. ಫೋನು ಮಾಡಿದವಳು ಮೀನಲ, ಅವನ ವಿಮಾನದ ಕಿರಿಯ ಪೈಲಟ್. 'ಸರ್, ಒಂದು ನಕಾಶೆ ಲೆಕ್ಕಕ್ಕೆ ಸಿಗ್ತಿಲ್ಲ. ನಾಳೆ ತಪಾಸಣೆಯವರು ಬರ್ತಾರೆ. ಎಲ್ಲಾ ಸುಟ್ಟಿದ್ದೇವೆ ಅಂತ ಬರೆದ ಕಾಗದದ ಮೇಲೆ ನಿಮ್ಮ ಸಹಿ ಇದೆ, ಕೆಳಗೆ ನಂದೂ ಇದೆ. ಸ್ವಲ್ಪ ನೆನಪು ಮಾಡ್ಕೊಳ್ಳಿ ಸರ್' ಅಂದಿದ್ದಳು. ಅವನು ನೆನಪು ಮಾಡಿಕೊಳ್ಳುವವನ ಹಾಗೆ ದನಿ ಎಳೆದು, 'ಎಲ್ಲಾ ಸುಟ್ಟೆವಲ್ಲ ಮೀನಲ, ನೀನೇ ನಿಂತು ನೋಡಿದ್ದಿ' ಅಂದುಬಿಟ್ಟ. ಆ ಹುಡುಗಿ 'ಹೌದು ಸರ್' ಅಂದ ರೀತಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅದೇ ಅವನನ್ನು ಚುಚ್ಚಿತು. ಸುಳ್ಳು ಹೇಳಿದ್ದು ದೊಡ್ಡದಾಗಿ ಕಾಣಲಿಲ್ಲ. ಅದನ್ನು ಅವಳು ಅಷ್ಟು ಸಲೀಸಾಗಿ ನಂಬಿದ್ದು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು. ಎದ್ದು ಮಾಳಿಗೆ ಕೋಣೆಯ ಬಾಗಿಲು ಹಾಕಿ, ಹಾಸಿಗೆಯ ಗಾದಿಯನ್ನು ಎತ್ತಿ ಗೋಡೆಗೆ ಆನಿಸಿದ. ಕೆಳಗೆ ಹಲಗೆ ಇತ್ತು. ನಕಾಶೆ ಇರಲಿಲ್ಲ.

ಭಾಗೀರಥಿಬಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಗ ಮೆಟ್ಟಿಲಿಳಿದು ಬಂದ ಸದ್ದಿನಲ್ಲೇ ಏನೋ ಕೆಟ್ಟಿದೆ ಅಂತ ಅವಳಿಗೆ ಗೊತ್ತಾಗಿರಬೇಕು, ತಟ್ಟುವ ಕೈ ನಿಲ್ಲಿಸಿದಳು.

"ಅವ್ವಾ, ನನ್ನ ಗಾದಿ ಬುಡಕ ಒಂದ್ ಕಾಗದ ಇತ್ತು."

"ಇತ್ತಪಾ. ಮೊನ್ನಿ ಗಾದಿ ಬಿಸಲಿಗಿ ಹಾಕ್ಲಾಕ ತಗದಾಗ ಸಿಕ್ತು. ಹಳೀ ಕ್ಯಾಲೆಂಡರ್ ಇದ್ದೀತು ಅಂತ ರದ್ದಿ ಮ್ಯಾಲ ಒಗದೆ. ಯಾಕ, ಬೇಕಿತ್ತೇನು?"

"ಈಗ ಎಲ್ಲದ ಅದು?"

"ನಿಮ್ಮಪ್ಪ ಅಂಗಡಿಗಿ ಒಯ್ದಾರ ನೋಡು. ಇಂಥಾ ಗಟ್ಟಿ ಕಾಗದ ಈಗೆಲ್ಲಿ ಸಿಗ್ತದ ಅಂತ ಖುಷಿಲೇ ಒಯ್ದಾರ. ಎಲ್ಲಿ ಹೊಂಟಿ? ರೊಟ್ಟೀನರ ತಿಂದು ಹೋಗೋ!"

ಅವನು ರೊಟ್ಟಿ ತಿನ್ನಲಿಲ್ಲ. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡೇ ಮೋಂಢಾದ ಕಡೆ, ಅಂದರೆ ದವಸದ ಪೇಟೆಯ ಕಡೆ, ನಡೆದ. ಎಳ್ಳಾಮಾಸಿ ಅಮಾವಾಸ್ಯೆ ಕಳೆದು ಹೊಸ ತೊಗರಿ ಬರುವ ದಿನಗಳು. ಟ್ರ್ಯಾಕ್ಟರು, ಟೆಂಪೊ, ಹಮಾಲರ ಬೈಗುಳ, ಮೂಗಿಗೆ ಅಡರುವ ತೊಗರಿ ಧೂಳು. ಈ ಧೂಳಿನಲ್ಲೇ ಹುಟ್ಟಿ ಬೆಳೆದವನು ಈಗ ಇಲ್ಲಿ ನಡೆಯುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ ಅಂತ ತಮ್ಮ ಮನೋಜ ಹಾಸ್ಯ ಮಾಡಿದ್ದ. ಹಾಸ್ಯವೇನೋ ಸರಿ. ರಜೆ ಮುಗಿದ ಮೇಲೆ ಅವನು ಹಾರುವುದಿಲ್ಲ, ಒಂದು ಕಚೇರಿಯಲ್ಲಿ ಮೇಜಿನ ಹಿಂದೆ ಕೂರುತ್ತಾನೆ ಅನ್ನುವುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ಇಪ್ಪತ್ತು ವರ್ಷ ನ್ಯಾವಿಗೇಟರ್ ಆಗಿದ್ದೆ, ಪೈಲಟ್ಟಿನ ಹಿಂದೆ ಕೂತು ತೊಡೆಯ ಮೇಲೆ ನಕಾಶೆ ಹರಡಿ ಎಡಕ್ಕೆ ತಿರುಗು ಬಲಕ್ಕೆ ತಿರುಗು ಅಂತ ದಾರಿ ಹೇಳುತ್ತಿದ್ದೆ, ಈಗ ಪೈಲಟ್ಟುಗಳ ತೊಡೆಗೇ ಪಟ್ಟಿ ಹಾಕಿ ಒಂದೊಂದು ಟ್ಯಾಬ್ ಕಟ್ಟಿದ್ದಾರೆ, ಅದರೊಳಗೆ ದೇಶದ ನಕಾಶೆಯೆಲ್ಲ ಇದೆ, ನಾವೆಲ್ಲಿದ್ದೇವೆ ಅಂತ ಅದೇ ತೋರಿಸುತ್ತದೆ, ನನ್ನ ಕುರ್ಚಿ ತೆಗೆದು ಅಲ್ಲಿ ಸಾಮಾನು ಕಟ್ಟುತ್ತಾರೆ ಅಂತಲೇ? ಕಾಗದದ ನಕಾಶೆಗಳನ್ನೆಲ್ಲ ವಿಮಾನದ ಶೆಡ್ಡಿನ ಹಿಂದೆ ಎಣ್ಣೆಯ ಪೀಪಾಯಿಯಲ್ಲಿ ಹಾಕಿ ಸುಡುವ ಕೆಲಸವನ್ನೂ ಅವನಿಗೇ ಕೊಟ್ಟರು. ಯಾರೂ ಅವಮಾನ ಮಾಡಬೇಕೆಂದು ಕೊಟ್ಟದ್ದಲ್ಲ, ನಿಮಗೇ ಚೆನ್ನಾಗಿ ಗೊತ್ತಲ್ಲ ಅಂತ ವಿಶ್ವಾಸದಿಂದಲೇ ಕೊಟ್ಟದ್ದು. ಮೀನಲ ಒಂದೊಂದೇ ಹಾಳೆಯ ಹೆಸರು ಓದಿದಳು, ಅವನು ಒಂದೊಂದೇ ಹಾಳೆ ಬೆಂಕಿಗೆ ಹಾಕಿದ. ಒಂದನ್ನು ಮಾತ್ರ ಹಾಕಲಿಲ್ಲ. ಅವಳು ಹೊಗೆಗೆ ಕಣ್ಣೊರೆಸಿಕೊಳ್ಳಲು ಆಚೆ ತಿರುಗಿದಾಗ ಅದು ಅವನ ಅಂಗಿಯೊಳಗೆ ಹೋಗಿತ್ತು.

ಯಾಕೆ ತಂದೆ? ಅದನ್ನು ಕೇಳಿಕೊಳ್ಳುವುದನ್ನೇ ಅವನು ತಪ್ಪಿಸುತ್ತ ಬಂದಿದ್ದ. ಉಮರಗಾ, ನಿಲಂಗಾ, ಉದಗೀರ ಎಲ್ಲ ಬರುವ ಹಾಳೆ ಅದು. ತನ್ನ ಊರು, ತನ್ನ ಮಣ್ಣು ಅನ್ನಬಹುದು. ಊರಿನ ಮೇಲೆ ಹಾದುಹೋದಾಗೆಲ್ಲ ಉಮರಗಾದ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆದು ತಾರೀಖು ಬರೆಯುವ ಚಟ ಅವನಿಗಿತ್ತು, ಆ ಗೀಟುಗಳ ಆಸೆ ಅನ್ನಬಹುದು. ಆದರೆ ಖರೆ ಮಾತು ಬೇರೆ. ಆ ಗೀಟುಗಳಲ್ಲಿ ಒಂದರ ಪಕ್ಕದ ತಾರೀಖು ಆಯಿ ಸುಮಿತ್ರಾಬಾಯಿಯನ್ನು, ಅಪ್ಪನ ತಾಯಿಯನ್ನು, ಹೋದ ವರ್ಷ ಮಣ್ಣು ಮಾಡಿದ ದಿನದ್ದು. ಅಂದು ಬೆಳಗ್ಗೆ ಮನೋಜ ಫೋನು ಮಾಡಿ 'ಅಣ್ಣಾ, ಆಯಿ ಹೋದಳು' ಅಂದಾಗ ಇವನು ಪುಣೆಯಲ್ಲಿದ್ದ. ಬಸ್ಸು ಹತ್ತಿದರೂ ಹೊತ್ತು ಮುಳುಗುವುದರೊಳಗೆ ಬಂದು ಸೇರಬಹುದಿತ್ತು. ಆದರೆ ಅಂದೇ ಟ್ಯಾಬಿನ ಪರೀಕ್ಷೆಯ ಹಾರಾಟ. ಕಾಗದವೊಂದು ಕಡೆ, ಟ್ಯಾಬು ಇನ್ನೊಂದು ಕಡೆ, ತಗ್ಗಿನಲ್ಲಿ ಹಾರಿ ಯಾವುದು ಚುರುಕು ಅಂತ ನೋಡುವುದು. ತಾನು ಇಳಿದರೆ ತಾನಿಲ್ಲದೆಯೇ ವಿಮಾನ ಹೋಗುತ್ತದೆ, ಹೋಗಿ ಕ್ಷೇಮವಾಗಿ ಬಂದೂ ಬಿಡುತ್ತದೆ, ಆಮೇಲೆ ಕೇಳುವವರ್ಯಾರು? 'ಮನೋಜ, ನಾ ಲೇಹಿನ್ಯಾಗ ಅದೀನೋ, ಹಿಮ ಬಿದ್ದದ, ಬರ್ಲಾಕ ಆಗಂಗಿಲ್ಲ' ಅಂದ. ಹಿಮವನ್ನು ಯಾಕೆ ಸೇರಿಸಿದೆ ಅಂತ ಇಂದಿಗೂ ಅವನಿಗೆ ತಿಳಿದಿಲ್ಲ.

ರೈತರ ದವಸ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಅಪ್ಪ ರೇವಣಸಿದ್ಧಪ್ಪ ಗಾದಿಯ ಮೇಲೆ ಕೂತು ತೊಗರಿ ಕಚ್ಚಿ ನೋಡುತ್ತಿದ್ದರು. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ತೊಗರಿಯ ನಮೂನಾ ಕಟ್ಟುವುದು ಅವರ ಮಟ್ಟಿಗೆ ಪೂಜೆಯಷ್ಟೇ ನೇಮದ ಕೆಲಸ. ರಾಶಿಯ ನಡುವಿನಿಂದ ಕೈತುಂಬ ಕಾಳು ತೆಗೆದು, ದಪ್ಪ ಕಾಗದದಲ್ಲಿ ಪುಡಿಕೆ ಕಟ್ಟಿ, ದಾರ ಸುತ್ತಿ ಮಾದರಿಯೆಂದು ದಾಲ್ ಮಿಲ್ಲುಗಳಿಗೆ ಕಳಿಸುವುದು. ಮಿಲ್ಲಿನವನು ಕಾಳಿಗಿಂತ ಮೊದಲು ಪುಡಿಕೆಯನ್ನು ಮುಟ್ಟುತ್ತಾನೆ, ಪುಡಿಕೆ ಜೊಳ್ಳಾಗಿದ್ದರೆ ಮಾಲೂ ಜೊಳ್ಳು ಅನ್ನುತ್ತಾನೆ ಎಂದು ಅವರ ನಂಬಿಕೆ. ಪ್ಲಾಸ್ಟಿಕ್ಕಿಗೆ ದಂಡ ಬೀಳತೊಡಗಿದ ಮೇಲೆ ಪೇಪರಿನಲ್ಲಿ ಕಟ್ಟಿ ಕಟ್ಟಿ, ಅದು ದಾರಿಯಲ್ಲೇ ಹರಿದು, ಅವರಿಗೆ ಸಾಕಾಗಿತ್ತು.

"ಅದು ನಿಂದಿತ್ತೇನು? ನಂಗೇನ್ ಗೊತ್ತಪಾ," ಅಂದರು, ಇನ್ನೊಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತ. "ಮಡಿಕಿಗುಂಟ ಹರದ್ರ ಸರಳ ಹರೀತು. ಮೊನ್ನೇ ನಮೂನಾ ಕಟ್ಟಿ ಮನೋಜನ ಕೈಲಿ ಕಳಸೀನಿ. ಕಾಸಾರಶಿರಸಿ ಶಿವರಾಯಗ ಒಂದು, ನಿಲಂಗಾದ ಮಿಲ್ಲಿಗಿ ಒಂದು, ಉದಗೀರ ರವಿಕಾಂತಗ ಒಂದು."

"ಮೂರೇ ಹೇಳಿದ್ರಿ. ಅದಕ್ಕ ನಾಕ ಮಡಿಕಿ ಇದ್ದುವಲ್ರೀ ಅಪ್ಪಾ."

"ನಾಕನೇದು ಎಲ್ಲಿ ಹೋತೋ. ನೋಡ್ತೀನಿ," ಅಂದರು. ಮುಖ ಎತ್ತಲಿಲ್ಲ.

ಯಾವ ತುಂಡು ಯಾರಿಗೆ ಹೋಯಿತು ಅಂತ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳಿದರೆ ಯಾಕೆ ಅಂತ ಕೇಳಿಯಾರು. ಮನೋಜನ ಮೋಟರ್‌ಸೈಕಲ್ಲಿನ ಕೀಲಿ ಎತ್ತಿಕೊಂಡು ಹೊರಬಿದ್ದ. ಮೂರನ್ನೂ ತಂದು ಸುಟ್ಟುಬಿಟ್ಟರೆ ಸಹಿ ಖರೆಯಾಗುತ್ತದೆ, ಮೀನಲಳ ಸಹಿಯೂ ಖರೆಯಾಗುತ್ತದೆ, ಅಪ್ಪನ ಕಣ್ಣಿಗೆ ಆ ತಾರೀಖು ಬೀಳುವುದೂ ತಪ್ಪುತ್ತದೆ. ನಾಲ್ಕನೆಯದರ ಮಾತು? ಅದು ಈ ಮೂರರೊಳಗೇ ಎಲ್ಲೋ ಸೇರಿಕೊಂಡಿರಬೇಕು ಅಂತ ತನಗೆ ತಾನೇ ಹೇಳಿಕೊಂಡ. ಊರು ದಾಟಿ ಹೆದ್ದಾರಿಯಿಂದ ಒಳದಾರಿ ಹಿಡಿದದ್ದೇ ತಡ, ತನಗೆ ಈ ದಾರಿಯೇ ಗೊತ್ತಿಲ್ಲ ಅಂತ ಅವನಿಗೆ ಅರಿವಾಯಿತು. ಎಲಾ ಇವನ! ಮೇಲಿನಿಂದ ಈ ಸೀಮೆಯ ಒಂದೊಂದು ಹಳ್ಳ, ಒಂದೊಂದು ದಿಬ್ಬ ಬಲ್ಲವನು ಕೆಳಗೆ ಒಂದು ಕವಲಿನಲ್ಲಿ ಗಾಡಿ ನಿಲ್ಲಿಸಿ, ಕಡಲೆ ಗಿಡ ಕೀಳುತ್ತಿದ್ದ ಹೆಂಗಸನ್ನು ಕಾಸಾರಶಿರಸಿಗೆ ಯಾವ ಕಡೆ ಅಂತ ಕೇಳಬೇಕಾಯಿತು. ಅವಳು ಕೈಯಲ್ಲಿದ್ದ ಗಿಡದ ಸಮೇತ ಎಡಕ್ಕೆ ತೋರಿಸಿದಳು.

ಶಿವರಾಯ ದಲಾಲಿ. ಸಂತೆಪೇಟೆಯ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಅಂಗಡಿ, ಪಕ್ಕದಲ್ಲೇ ಚಹಾದ ಹೋಟೆಲ್ಲು. "ಯಾ ಯಾ, ಬಸಾ, ವಿಮಾನವಾಲೇ ಸಾಹೇಬ!" ಅಂತ ಮರಾಠಿಯಲ್ಲೇ ಬರಮಾಡಿಕೊಂಡು ಕೂರಿಸಿ, ಹೋಟೆಲಿನವರಿಗೆಲ್ಲ ಕೇಳುವ ಹಾಗೆ ರೇವಣಸಿದ್ಧಪ್ಪನ ಹಿರೀ ಮಗ ಅಂತ ಪರಿಚಯ ಹೇಳಿದ. ಸಂಗಮೇಶ್ವರನ ಕಣ್ಣು ಆಗಲೇ ನಕಾಶೆಯ ತುಂಡಿನ ಮೇಲೆ ಬಿದ್ದಿತ್ತು. ಹಣ ಇಡುವ ಗಲ್ಲೆಯ ಒಡೆದ ಗಾಜಿಗೆ ಶಿವರಾಯ ಅದನ್ನು ಗೋಂದು ಹಚ್ಚಿ ಅಂಟಿಸಿದ್ದ.

"ನೀವೇ ಹೊಡೀತೀರೇನ್ರೀ ವಿಮಾನ?"

"ಇಲ್ರೀ. ಹೊಡಿಯೋರು ಬ್ಯಾರೆ. ನಾ ಹಿಂದ ಕುಂತು ದಾರಿ ಹೇಳ್ತೀನಿ."

"ದಾರಿ? ದಾರಿ ಈಗ ಫೋನೇ ಹೇಳ್ತದಲ್ರೀ! ಎಡಕ್ಕ ಹೊಳ್ರಿ, ಬಲಕ್ಕ ಹೊಳ್ರಿ ಅಂತ ಒಂದ್ ಹೆಂಗಸ ಒಳಗಿಂದ ಒದರ್ತಾಳ. ಅಷ್ಟಕ್ಕ ಸರಕಾರ ಒಬ್ಬ ಮನಶಾನ್ನ ಬ್ಯಾರೆ ಕುಂದರಸ್ತದೇನು? ಪಗಾರ ಎಷ್ಟ ಕೊಡ್ತಾರ ಅಷ್ಟ ಹೇಳೋದಕ್ಕ?"

ಹೋಟೆಲಿನ ಬೆಂಚಿನ ಮೇಲಿದ್ದವರು ನಕ್ಕರು. ಸಂಗಮೇಶ್ವರನೂ ನಕ್ಕ. ನಗದೆ ಮತ್ತೇನು ಮಾಡುವುದು, ಮಾತೇನು ಸುಳ್ಳೇ? "ಕುಂದರಸ್ತಿದ್ರು" ಅಂದ, ಮೆಲ್ಲಗೆ. ಅದು ಯಾರಿಗೂ ಕೇಳಲಿಲ್ಲ. ಅಪ್ಪನಿಗೆ ಆ ಕಾಗದ ಬೇಕಂತೆ ಅಂತ ಸುಳ್ಳು ಹೇಳಿ, ಚಹಾದವನಿಂದ ಬಿಸಿನೀರು ಇಸಿದುಕೊಂಡು, ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೆರೆದು ಕೆರೆದು ಬಿಡಿಸಿದ. ಶಿವರಾಯ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. ಬಿಡಿಸಿದ ಮೇಲೆ ಅದು ಉದಗೀರ, ಜಳಕೋಟದ ಕಡೆಯ ತುಂಡು ಅಂತ ಗೊತ್ತಾಯಿತು. ಉಮರಗಾದ್ದಲ್ಲ. ಮೂಲೆಯಲ್ಲಿ 'ಹೊರಗೆ ಒಯ್ಯಬಾರದು' ಎಂಬ ಕೆಂಪು ಮುದ್ರೆಯ ಅರ್ಧ ಗಾಜಿಗೇ ಅಂಟಿಕೊಂಡು ಉಳಿಯಿತು. ಅದನ್ನೂ ಕೆರೆದ.

ನಿಲಂಗಾದ ದಾರಿಯುದ್ದಕ್ಕೂ ಆ ಹಾರಾಟವೇ ಕಣ್ಣ ಮುಂದೆ. ಮಾಕಣಿಯ ಕೆರೆಯ ನೀರು ಹೊಳೆದದ್ದೇ ತಿರುವಿನ ಗುರುತು. ಅಲ್ಲಿಂದ ಮೂಗು ಉಮರಗಾದ ಕಡೆ. ಮೀನಲ ಮುಂದೆ, ತೊಡೆಯ ಮೇಲೆ ಟ್ಯಾಬು. ಅವನು ಹಿಂದೆ, ತೊಡೆಯ ಮೇಲೆ ಕಾಗದ. ತನ್ನೂರಿನ ಹಾಳೆ ಅಂತ ಆ ಹಾಳೆಗೆ ಅವನು ತಿದ್ದುಪಡಿ ಅಂಟಿಸಿರಲಿಲ್ಲ. ಹೊಸ ಟವರು, ಹೊಸ ತಂತಿ ಬಂದಾಗೆಲ್ಲ ಚೀಟಿ ಬರುತ್ತದೆ, ಅದನ್ನು ಆಯಾ ಹಾಳೆಯ ಮೇಲೆ ಅಂಟಿಸಬೇಕು. ಬೇರೆ ಹಾಳೆಗಳಿಗೆಲ್ಲ ತಪ್ಪದೆ ಅಂಟಿಸಿದವನು ಇದಕ್ಕೆ ಮಾತ್ರ, ನನ್ನೂರಿನ ದಾರಿ ನನಗೆ ಇನ್ನೊಬ್ಬರು ಹೇಳಬೇಕೇ ಅಂತ ಬಿಟ್ಟಿದ್ದ. ದಿಬ್ಬದ ಮೇಲೆ ಪವನಚಕ್ಕಿಗಳು, ಗಾಳಿಗೆ ತಿರುಗಿ ಕರೆಂಟು ಮಾಡುವ ಎತ್ತರದ ಟವರುಗಳು, ಎದ್ದದ್ದು ಅವನ ಹಾಳೆಯಲ್ಲಿ ಇರಲಿಲ್ಲ. ಇದ್ದರೂ ನೋಡುತ್ತಿದ್ದನೋ ಇಲ್ಲವೋ. ಅವನ ಕಣ್ಣು ಕಿಟಕಿಯಾಚೆ ತಮ್ಮ ಹೊಲವನ್ನು ಹುಡುಕುತ್ತಿತ್ತು. ಬೇವಿನ ಗಿಡ, ಬಾವಿ, ಒಡ್ಡು. ಒಡ್ಡಿನ ಹತ್ತಿರ ಮಂದಿ ಗುಂಪಾಗಿ ನಿಂತಿದ್ದರು, ಬಿಳಿ ಬಿಳಿ ಟೊಪ್ಪಿಗೆ, ನಡುವೆ ಹೊಸದಾಗಿ ತೋಡಿದ ಕರೀ ಕುಣಿ. ಕಂಡಿತೋ, ಕಂಡ ಹಾಗಾಯಿತೋ. ಕೈ ತಾನಾಗಿ ಗೀಟು ಎಳೆದು ತಾರೀಖು ಬರೆಯಿತು. ಅಷ್ಟರಲ್ಲೇ ಮೀನಲಳ ದನಿ ಕಿವಿಯಲ್ಲಿ: 'ಸರ್, ಮುಂದೆ ಟವರ್. ಎಡಕ್ಕೆ ತಿರುಗ್ತಿದ್ದೀನಿ.' ರೆಕ್ಕೆ ವಾಲಿತು, ಪವನಚಕ್ಕಿಯ ದೊಡ್ಡ ಬಿಳಿ ಎಲೆ ಬಲಗಡೆ ಹಾದುಹೋಯಿತು. ದಾರಿ ಹೇಳಬೇಕಾದವನಿಗೆ ಅವಳು ದಾರಿ ಹೇಳಿದ್ದಳು. ಇಳಿದ ಮೇಲೆ ಆಕೆ ಯಾರ ಮುಂದೆಯೂ ಅದನ್ನು ಎತ್ತಿ ಆಡಲಿಲ್ಲ, ಟ್ಯಾಬು ಚುರುಕು ಅಂತ ಮಾತ್ರ ಬರೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾವ ಕುರ್ಚಿ ಹೋದೀತೆಂದು ಆಯಿಗೆ ಮಣ್ಣು ಕೊಡಲು ಹೋಗಲಿಲ್ಲವೋ, ಅದೇ ಆಯಿಯ ಕುಣಿಯನ್ನು ನೋಡುತ್ತ ಆ ಕುರ್ಚಿ ಕಳೆದುಕೊಂಡ.

ನಿಲಂಗಾದ ಮಿಲ್ಲಿನ ಗುಮಾಸ್ತ ತಲೆ ಎತ್ತದೆಯೇ, ಪುಡಿಕೆ ಬಿಚ್ಚಿದ ಕಾಗದವೆಲ್ಲ ಹಿತ್ತಲಿಗೆ ಹೋಗುತ್ತದೆ ಅಂದ. ಹಿತ್ತಲಲ್ಲಿ ತೊಗರಿ ಹೊಟ್ಟಿನ ಗುಡ್ಡ. ಅಂಗಿಯ ತೋಳು ಮಡಿಸಿ ಮೊಣಕೈವರೆಗೆ ಕೈ ತೂರಿಸಿ ಹುಡುಕತೊಡಗಿದ. ಕಸ ಗುಡಿಸುತ್ತಿದ್ದ ಮಂಗಲಾ ಎಂಬ ಹೆಂಗಸು ಪೊರಕೆಯನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ನಿಂತಳು.

"ಏನ್ ಹುಡುಕ್ತೀರಿ ಸಾಹೇಬ್ರ? ಉಂಗುರ ಬಿತ್ತೇನ್ರೀ?"

"ಉಂಗುರ ಅಲ್ಲವಾ. ಕಾಗದ. ಹಸರು ನೀಲಿ ಬಣ್ಣದ್ದು, ದಪ್ಪ."

"ಅಯ್ಯ ಶಿವನೇ, ಕಾಗದಾ? ಹಂಗಾದ್ರ ಅಲ್ಲಿ ನೋಡ್ರಿ, ನಮ್ಮ ಎಮ್ಮಿ ಓದ್ಲಾಕತ್ತದ!"

ಗೋಡೆಯ ಹತ್ತಿರ ಕಟ್ಟಿದ ಎಮ್ಮೆಯ ಬಾಯಿಯಿಂದ ನಕಾಶೆಯ ತುಂಡಿನ ಅರ್ಧ ಜೋತುಬಿದ್ದಿತ್ತು. ಅವನು ಓಡಿದ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಎಮ್ಮೆಯ ಹಲ್ಲಿನಲ್ಲಿ. ಮಂಗಲಾ ನಕ್ಕು ನಕ್ಕು ಹೊಟ್ಟಿನ ಮೇಲೆ ಕೂತೇಬಿಟ್ಟಳು. ಕೊನೆಗೆ ಅವಳೇ ಎದ್ದು ಎಮ್ಮೆಯ ಮೂಗಿನ ಮೇಲೆ ಒಂದು ಬಡಿದು ಬಿಡಿಸಿಕೊಟ್ಟಳು. "ಕೋಪ ಬ್ಯಾಡ್ರೀ ಸಾಹೇಬ್ರ, ಮೂಕ ಪ್ರಾಣಿ," ಅಂದಳು. ಅವನಿಗೆ ಕೋಪ ಎಲ್ಲಿಯದು? ಜೊಲ್ಲು ಮೆತ್ತಿದ ಆ ತುಂಡನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದ. ಮಾಕಣಿಯ ನೀರಿತ್ತು, ಒಂದು ಮೂಲೆ ಎಮ್ಮೆಯ ಹೊಟ್ಟೆಗೆ ಹೋಗಿತ್ತು. ಉಮರಗಾ ಇರಲಿಲ್ಲ.

ಉದಗೀರ ಮುಟ್ಟುವಾಗ ಮಧ್ಯಾಹ್ನ ಸರಿದಿತ್ತು. ಹೊಟ್ಟೆಯಲ್ಲಿ ಬೆಳಗಿನ ಚಹಾ ಬಿಟ್ಟರೆ ಏನೂ ಇಲ್ಲ. ರವಿಕಾಂತನ ಮಿಲ್ಲು ಹೊಸದು, ಕಚೇರಿಗೆ ಏಸಿ, ಗೋಡೆಗೆ ಬಸವಣ್ಣನ ಪಟ. ಅವನು ಮೊದಲು ತನ್ನ ಹೊಸ ಮಶೀನು ತೋರಿಸಿಯೇ ತೀರುತ್ತೇನೆಂದು ಎಳೆದುಕೊಂಡು ಹೋದ. "ನೋಡ್ರಿ, ಒಂದೊಂದ ಕಾಳಿನ ಫೋಟೋ ತಗೀತದ, ಕೆಟ್ಟದ್ದನ್ನ ಊದಿ ಒಗೀತದ. ಮೊದಲ ನಮ್ಮ ಮರುಳಯ್ಯ ಕಚ್ಚಿ ನೋಡ್ತಿದ್ದ. ಈಗ ಅಂವಗ ಗೇಟಿನ್ಯಾಗ ಕುಂದರಸೀನಿ. ಪಗಾರ ಏನೂ ಕಡಿಮಿ ಮಾಡಿಲ್ರೀ, ಸುಮ್ನ ಕುಂತಿರ್ತಾನ." ಪಗಾರ ಕಡಿಮೆ ಮಾಡಿಲ್ಲ ಅನ್ನುವುದನ್ನು ಎರಡು ಸಲ ಹೇಳಿದ. ಸಂಗಮೇಶ್ವರನಿಗೂ ಕಡಿಮೆ ಮಾಡಿರಲಿಲ್ಲ. ನಕಾಶೆಯ ತುಂಡನ್ನು ರವಿಕಾಂತ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. "ಮಿಲಿಟ್ರಿ ಮಾಲ್ ಅದಲ್ಲ ಇದು! ನಮ್ಮ ಗ್ರೂಪಿಗಿ ಹಾಕಬೇಕಂತ ಫೋಟೋ ತಗದೀನಿ. ರಾತ್ರಿ ಹಾಕ್ತೀನಿ." ಸಂಗಮೇಶ್ವರ ಮೇಜಿನ ಮೇಲೆ ಮುಂದೆ ಬಗ್ಗಿದ. ಹಾಕಬೇಡಿ, ನನ್ನ ನೌಕರಿಯ ಪ್ರಶ್ನೆ, ನನ್ನನ್ನು ನಂಬಿದ ಒಂದು ಹುಡುಗಿಯ ನೌಕರಿಯ ಪ್ರಶ್ನೆ ಅಂತ ಕೈ ಮುಗಿದ. ನಿಜಕ್ಕೂ ಎರಡೂ ಕೈ ಜೋಡಿಸಿದ. ರವಿಕಾಂತ ಗಾಬರಿಯಾಗಿ, "ಅಯ್ಯ, ಇಷ್ಟಕ್ಕ ಕೈ ಮುಗೀತಾರೇನ್ರೀ ಸಾಹೇಬ್ರ!" ಅಂತ ಅವನೆದುರಿಗೇ ಅಳಿಸಿದ. ಅಳಿಸಿ, ಅದರ ಬದಲಿಗೆ ವಿಮಾನದ ಸಾಹೇಬರ ಜೊತೆ ಒಂದು ಸೆಲ್ಫಿ ಬೇಕೆಂದ. ಸಂಗಮೇಶ್ವರ ಹೊಟ್ಟು ಅಂಟಿದ ಅಂಗಿಯಲ್ಲೇ ಅವನ ಭುಜಕ್ಕೆ ಭುಜ ತಾಗಿಸಿ ನಿಂತು ಹಲ್ಲು ಬಿಟ್ಟ.

ಗೇಟಿನ ಹೊರಗೆ ಗಾಡಿಯ ಸೀಟಿನ ಮೇಲೆ ಮೂರೂ ತುಂಡು ಹರಡಿದ. ಈ ಕೊನೆಯದರಲ್ಲಿ ಪವನಚಕ್ಕಿಯ ದಿಬ್ಬ ಇತ್ತು, ಮೇಲೆ ಅವನ ಪೆನ್ಸಿಲ್ಲಿನ ಗೆರೆ ಅಳುಕಿಲ್ಲದೆ ನೆಟ್ಟಗೆ ಹೋಗಿ ಹರಿದ ಅಂಚಿಗೆ ಮುಗಿದಿತ್ತು. ಆ ಅಂಚಿನ ಆಚೆಯದೇ ಉಮರಗಾ. ಅಂದರೆ ಅದು ಅಪ್ಪನ ಹತ್ತಿರವೇ ಇದೆ. ಬೆಳಗ್ಗೆ ಅವರು ಮುಖ ಎತ್ತದೆ ಮಾತಾಡಿದಾಗಲೇ ತನಗದು ಗೊತ್ತಿತ್ತು, ಗೊತ್ತಿದ್ದೂ ಇಡೀ ದಿನ ಈ ಬಿಸಿಲಿನಲ್ಲಿ ಅದರಿಂದ ದೂರ ದೂರ ಗಾಡಿ ಓಡಿಸಿದ್ದೇನೆ ಅಂತ ಅನ್ನಿಸಿತು. ಕುರ್ಚಿಯ ಮೇಲೆ ಕೂತಿದ್ದ ಮರುಳಯ್ಯ ಜೇಬಿನಿಂದ ಒಂದು ತೊಗರಿ ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಕಚ್ಚಿ, ಉಗುಳಿದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ವಾಪಸ್ಸು ಬರುವಾಗ ಉಮರಗಾ ಇನ್ನೇನು ಹತ್ತಿರವಿದೆ ಅನ್ನುವಾಗ ಆ ಪವನಚಕ್ಕಿಗಳು ಎದುರಾದವು. ಗಾಡಿ ನಿಲ್ಲಿಸಿ ತಲೆ ಎತ್ತಿ ನೋಡಿದ. ಇಷ್ಟು ದೊಡ್ಡದು ಹೇಗೆ ಕಾಣಲಿಲ್ಲ? ಅಲ್ಲೇ ಫೋನು ಬಂತು. ಮೀನಲಳ ದನಿಯಲ್ಲಿ ನಗು. "ಸರ್, ಸಿಕ್ತು! ಕಪಾಟಿನ ಹಿಂದೆ ಬಿದ್ದಿತ್ತು. ಹಿಮಾಲಯದ ಕಡೆಯದೊಂದು ಹಾಳೆ, ಸುಟ್ಟ ಪಟ್ಟಿಗೇ ಬಂದಿರಲಿಲ್ಲ. ಈಗ ಎಲ್ಲಾ ಸರಿ. ನೀವು ಆರಾಮಾಗಿ ರಜೆ ಕಳೀರಿ." ಅವನ ಹಾಳೆಯನ್ನು ಯಾರೂ ಹುಡುಕಿಯೇ ಇರಲಿಲ್ಲ. ಅದು ಸುಟ್ಟುಹೋಗಿದೆ ಅಂತ ಅವನೇ ಬರೆದಿದ್ದನಲ್ಲ, ಕಳೆದುಹೋಗುವುದು ಹೇಗೆ? ಇಷ್ಟು ಸಾದಾ ಲೆಕ್ಕ ಬೆಳಗ್ಗೆ ತಲೆಗೆ ಹೊಳೆದಿರಲಿಲ್ಲ. ಈಗ 'ಸರಿ ಮೀನಲ' ಅಂದು ಇಟ್ಟುಬಿಟ್ಟರೆ ಮುಗಿಯಿತು. ಅವನು ಇಡಲಿಲ್ಲ.

"ಮೀನಲ, ಒಂದು ಹಾಳೆ ಸುಟ್ಟಿಲ್ಲ. ನನ್ನ ಹತ್ರ ಇದೆ. ನಮ್ಮೂರಿಂದು."

"ಸರ್, ಕೆಳಗೆ ನನ್ನ ಸಹಿ ಇದೆ."

"ಗೊತ್ತು. ಅವತ್ತು ಟವರ್ ನಾನು ನೋಡಲಿಲ್ಲವಲ್ಲ, ಅದೇ ಹಾಳೆ. ಅವತ್ತು ಕೆಳಗೆ ನಮ್ಮ ಅಜ್ಜಿಯನ್ನ ಮಣ್ಣು ಮಾಡ್ತಿದ್ರು. ನಾನು ಅದನ್ನ ನೋಡ್ತಿದ್ದೆ."

"ಹೇಳ್ಬೇಕಿತ್ತು ಸರ್," ಅಂದಳು ಅವಳು. ದನಿ ಸಣ್ಣದಾಗಿತ್ತು. "ಹೇಳಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ವಿ. ಹೋಗ್ಲಿ, ಹಾರುವಾಗಲಾದ್ರೂ ಹೇಳಿದ್ರೆ ಒಂದು ಸುತ್ತು ಹಾಕ್ತಿದ್ದೆ." ಮತ್ತೆ, "ಅದನ್ನ ಇವತ್ತೇ ಸುಟ್ಟುಬಿಡಿ ಸರ್, ದಯವಿಟ್ಟು," ಅಂದಳು. ಸುಡುತ್ತೇನೆ ಅಂತ ಮಾತು ಕೊಟ್ಟ. ಊರ ಬಾಯಿಯ ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡು ಜೇಬಿಗೆ ಹಾಕಿಕೊಂಡ.

ಅಡತಿ ಅಂಗಡಿಯಲ್ಲಿ ಮನೋಜ ಒಬ್ಬನೇ ಇದ್ದ. "ಅಪ್ಪ ಹೊಲಕ್ಕ ಹೋಗ್ಯಾರ ಅಣ್ಣಾ. ನೀ ಬಂದ್ರ ಅಲ್ಲಿಗೇ ಕಳಸು ಅಂದಾರ. ಏನಾಗ್ಯದ? ಮಧ್ಯಾಹ್ನ ಊಟಾನೂ ಮಾಡಿಲ್ಲ ಅವ್ರು." ಏನೂ ಆಗಿಲ್ಲ ಅಂತ ಸಂಗಮೇಶ್ವರ ಗಾಡಿ ತಿರುಗಿಸಿದ.

ಬೇವಿನ ಗಿಡ, ಬಾವಿ, ಒಡ್ಡು. ಹೊತ್ತು ಮುಳುಗಲು ಬಂದಿತ್ತು. ಒಡ್ಡಿನ ಕೆಳಗೆ ಆಯಿಯ ಸಮಾಧಿಯ ಕಟ್ಟೆ, ಪಕ್ಕದಲ್ಲಿ ರೇವಣಸಿದ್ಧಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹತ್ತಿರ ಒಂದು ಸಲಿಕೆ ಬಿದ್ದಿತ್ತು. ಮಗ ಬಂದು ಎದುರಿಗೆ ನಿಂತ.

"ಮೂರೂ ಸಿಕ್ಕವೇನು?"

"ಸಿಕ್ಕವರೀ."

ಅವರು ಒಳಜೇಬಿನಿಂದ ನಾಲ್ಕನೆಯದನ್ನು ತೆಗೆದರು. ಅದನ್ನು ಪುಡಿಕೆ ಕಟ್ಟಿರಲಿಲ್ಲ, ಮಡಿಕೆ ಮಡಿಕೆಯಾಗಿ ನೀಟಾಗಿ ಇಟ್ಟುಕೊಂಡಿದ್ದರು. "ಇದರ ಮ್ಯಾಲ ಊರ ಹೆಸರಿತ್ತು. ಊರ ಹೆಸರಿನ್ಯಾಗ ತೊಗರಿ ಕಟ್ಟೋದು ಬ್ಯಾಡ ಅನಸ್ತು, ತಗದಿಟ್ಟೆ. ಆಮ್ಯಾಲ ತಾರೀಖು ನೋಡ್ದೆ." ಬೆರಳನ್ನು ಆ ಗೀಟಿನ ಮೇಲೆಯೇ ಇಟ್ಟರು. "ಇದು ನಿನ್ನ ಅಕ್ಷರ ಅಲ್ಲೇನು?"

"ನಂದೇ."

"ಅವತ್ತ ನೀ ಲೇಹಿನ್ಯಾಗ ಅದೀನಿ ಅಂದಿದ್ದಿ."

"ಅಂದಿದ್ದೆ."

"ಇಲ್ಲೇ ಮ್ಯಾಲ ಇದ್ದಿ."

"ಇದ್ದೆ ಅಪ್ಪಾ."

ರೇವಣಸಿದ್ಧಪ್ಪ ಬೈಯಲಿಲ್ಲ. ಬೈಗುಳಕ್ಕೆ ಅವನು ಇಡೀ ದಿನ ಮೈ ಗಟ್ಟಿ ಮಾಡಿಕೊಂಡು ಬಂದಿದ್ದ, ಅದು ಬರಲಿಲ್ಲ. "ಆಯಿಗಿ ಕುಣಿಯಾಗ ಕುಂದರಸಿದ್ವಿ," ಅಂದರು. "ಸ್ವಾಮಿಗಳು ತಲಿ ಮ್ಯಾಲ ಪಾದ ಇಟ್ಟಿದ್ರು. ಅಷ್ಟ್ರಾಗ ಸಪ್ಪಳ ಬಂತು ನೋಡು. ಇಷ್ಟ ತಗ್ಗಿನ್ಯಾಗ ಬಂದಿತ್ತು ವಿಮಾನ, ಮಂದಿ ಎಲ್ಲಾ ಮ್ಯಾಲ ನೋಡಿದ್ರು. ನಾನೂ ನೋಡ್ದೆ. ನಾ ಏನಂದೆ ಗೊತ್ತದೇನು? ನಮ್ಮ ಸಂಗೂನೂ ಇಂಥಾದ್ರಾಗೇ ಇರ್ತಾನ, ಪಾಪ, ಅಲ್ಲೆಲ್ಲೋ ಹಿಮದಾಗ ಒಬ್ಬನೇ ಕುಂತು ಅಳ್ಲಾಕತ್ತಿರಬೇಕು ಅಂದೆ. ಎಲ್ಲಾರ ಮುಂದ ಅಂದೆ."

ಸಂಗಮೇಶ್ವರ ಒಡ್ಡಿನ ಮೇಲೆ ಕೂತ. "ಅವತ್ತ ನಾ ಇಳದಿದ್ರ ನಾ ಇಲ್ದೇ ವಿಮಾನ ಹೋಗ್ತಿತ್ತರೀ," ಅಂದ. ಇಡೀ ವರ್ಷ ಒಳಗೆ ಕಟ್ಟಿಕೊಂಡಿದ್ದ ಮಾತು ಹೊರಗೆ ಬಂದಾಗ ಎಷ್ಟು ಸಣ್ಣದಾಗಿ ಕೇಳಿಸಿತು! "ನಾ ಬೇಕಾಗಿಲ್ಲ ಅಂತ ಎಲ್ಲಾರಿಗೂ ತಿಳೀತಿತ್ತು."

"ಈಗ ತಿಳೀಲಿಲ್ಲೇನು?"

"ತಿಳೀತರೀ. ನನ್ನ ಕುರ್ಚಿ ತಗದಾರ."

ಅಪ್ಪ ತಲೆಯಾಡಿಸಿದರು. ಪವನಚಕ್ಕಿಗಳ ಕೆಂಪು ದೀಪಗಳು ದಿಬ್ಬದ ಮೇಲೆ ಹತ್ತಿಕೊಂಡವು. ಸಂಗಮೇಶ್ವರ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. "ಇದನ್ನ ಸುಡಬೇಕ್ರೀ. ನನ್ನ ಜೋಡಿ ಸಹಿ ಮಾಡಿದ ಹುಡುಗಿಗಿ ಮಾತ ಕೊಟ್ಟೀನಿ."

"ನಮ್ಮೋರಾಗ ಸುಡೋದು ಎಲ್ಲದ?" ಅಂದರು ರೇವಣಸಿದ್ಧಪ್ಪ. ಕಟ್ಟೆಯ ಆಚೆ ಬದಿಗೆ ಕೈ ಮಾಡಿದರು. ಅಲ್ಲಿ ಅವರು ಆಗಲೇ ಸಲಿಕೆಯಿಂದ ಮೊಣಕಾಲುದ್ದ ಕುಣಿ ತೋಡಿ ಇಟ್ಟಿದ್ದರು. ಈ ವಯಸ್ಸಿನಲ್ಲಿ, ಉಣ್ಣದೆ, ಒಬ್ಬರೇ. "ಹುಡುಗಿಗಿ ಹೇಳು, ಮಣ್ಣ ಮಾಡೀವಿ, ಹೊರಗ ಬರಂಗಿಲ್ಲ ಅಂತ."

ಅವನು ನಾಲ್ಕೂ ತುಂಡುಗಳನ್ನು ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿದ. ಗೋಂದು, ಜೊಲ್ಲು, ತೊಗರಿ ಧೂಳು. ಪೆನ್ಸಿಲ್ಲಿನ ಗೆರೆ ಹರಿದ ಅಂಚು ದಾಟಿ ಉಮರಗಾಕ್ಕೆ ಬಂದು ಸೇರಿತು. ಬೇಕಾದ ಪಟ್ಟಿ ಮೇಲೆ ಬರುವ ಹಾಗೆ ಇಪ್ಪತ್ತು ವರ್ಷ ಮಡಿಸಿದ ರೀತಿಯಲ್ಲೇ ಒಂದರ ಮೇಲೊಂದು ಮಡಿಸಿ, ಊರ ಹೆಸರು ಮೇಲಿರುವಂತೆ ಕುಣಿಯಲ್ಲಿ ಇಟ್ಟ. ಸಲಿಕೆಗೆ ಕೈ ಹಾಕಿದಾಗ ಅಪ್ಪ ಅದನ್ನು ಕಾಲಿನಿಂದ ಆಚೆ ಸರಿಸಿದರು.

"ಸಲಿಕಿಲಿಂದ ಅಲ್ಲ. ಕೈಲಿ ಕೊಡು. ಆಯಿ ಇಲ್ಲೇ ಅದಾಳ."

ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಮಣ್ಣು ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು. ಕುಣಿಯೊಳಗೆ ಬಿಟ್ಟ. ಎರಡನೆಯ ಹಿಡಿಗೆ ಅಳು ಬಂತು, ಅಪ್ಪನ ಮುಂದೆ ನಾಚದೆ ಅತ್ತ. ಕುಣಿ ಮುಚ್ಚಿ ಮುಗಿಯಿತು. ರೇವಣಸಿದ್ಧಪ್ಪ ಟೊಪ್ಪಿಗೆ ಹಾಕಿಕೊಂಡು ಆಕಾಶದ ಕಡೆ ನೋಡಿದರು.

"ಅವತ್ತ ಯಾ ದಿಕ್ಕಿನಿಂದ ಬಂದಿದ್ದಿ?"

ಸಂಗಮೇಶ್ವರ ಮಣ್ಣಾದ ಕೈಯೆತ್ತಿ ಮಾಕಣಿಯ ಕಡೆಯಿಂದ ಬೇವಿನ ಗಿಡದವರೆಗೆ ನಿಧಾನವಾಗಿ ದಾರಿ ತೋರಿಸಿದ. ಅಪ್ಪನ ಕಣ್ಣು ಆ ಕೈಯ ಹಿಂದೆ ಹಿಂದೆಯೇ ಬಂದು ಅವರಿಬ್ಬರ ತಲೆಯ ಮೇಲೆ ನಿಂತಿತು.

"ಹೌದು," ಅಂದರು. "ಅಲ್ಲಿಂದೇ ಬಂದಿತ್ತು."